ಗ್ಯಾಲರಿಯಿಂದ ಬಂದ ಚೀಟಿ

ಆರೋಗ್ಯ ಮಂತ್ರಿಗಳನ್ನು ಅಲುಗಾಡಿಸುವಂಥ ಪ್ರಶ್ನೆ ಭೂಮಿಯ ಮೇಲೆ ಇನ್ನೂ ಹುಟ್ಟಿರಲಿಲ್ಲ. ಅವರು ಉತ್ತರಿಸಲು ಎದ್ದರೆ ಸದನದ ಫ್ಯಾನುಗಳೂ ತಿರುಗುವುದನ್ನು ಬಿಟ್ಟು ಕೇಳುತ್ತಿದ್ದವು. ಇಂದು ಪ್ರಶ್ನೆ ಕೇಳಲು ಎದ್ದವರು ಉಪಚುನಾವಣೆಯಲ್ಲಿ ಗೆದ್ದು ಬಂದ ಶಾಸಕಿ. ಹೊಸಬರ ಹೆಸರು ನೆನಪಿಟ್ಟುಕೊಳ್ಳುವ ಅಭ್ಯಾಸ ಮಂತ್ರಿಗಳಿಗಿರಲಿಲ್ಲ.

"ನಮ್ಮೂರ ಸರ್ಕಾರಿ ದವಾಖಾನಿಯೊಳಗ ಹೆರಿಗಿ ಮಾಡ್ಸಾಕ ಡಾಕ್ಟರ್ ಅದಾರೇನ್ರಿ?"

"ಇದ್ದಾರೆ ತಾಯಿ. ಲಿಖಿತ ಉತ್ತರ ಕೊಟ್ಟಿದ್ದೀನಲ್ಲ, ಓದ್ಕೊಳಿ."

"ಓದೀನ್ರಿ. ಈ ತಿಂಗಳು ಮೂರು ಬಾಣಂತ್ಯಾರು ಸತ್ತಾರ. ನಿನ್ನೆ ಡ್ಯೂಟಿ ಮ್ಯಾಲೆ ಯಾರಿದ್ರು? ಹೆಸರು ಹೇಳ್ರಿ."

ವಿರೋಧ ಪಕ್ಷದವರು ಮೇಜು ಕುಟ್ಟಿದ ಸದ್ದಿಗೆ ಊರಾಚೆಯ ಕಾಗೆಗಳೂ ಹಾರಿಹೋದವು. ಮಂತ್ರಿಗಳ ಕತ್ತಿನಲ್ಲಿ ಒಂದು ಕೆರೆ ತುಂಬುವಷ್ಟು ಬೆವರು. ಅವರು ಅಧಿಕಾರಿಗಳ ಗ್ಯಾಲರಿಯತ್ತ ಕಣ್ಣು ಹಾಯಿಸಿದರು. ಅಲ್ಲಿ ಗಡಿಬಿಡಿಯಿಂದ ಕಡತಗಳು ತೆರೆದುಕೊಂಡು, ಒಂದು ಚೀಟಿ ಕೈಯಿಂದ ಕೈಗೆ ದಾಟಿ ಬಂತು. ಅದನ್ನು ಕಂಡದ್ದೇ ಮಂತ್ರಿಗಳ ಎದೆ ಮತ್ತೆ ಮೂರು ಮೊಳವಾಯಿತು.

"ನೀವು ಹೇಳೋದು ಸುಳ್ಳಾದ್ರ ಏನ್ ಮಾಡ್ತೀರಿ?"

"ಇಲ್ಲೇ, ಈಗಲೇ ರಾಜೀನಾಮೆ! ಇದೂ ಕಡತಕ್ಕೆ ಹೋಗ್ಲಿ ಸಭಾಧ್ಯಕ್ಷರೇ!" ಮಂತ್ರಿಗಳು ಚೀಟಿ ಬಿಡಿಸಿ ಗಟ್ಟಿಯಾಗಿ ಓದಿದರು: "ಡಾಕ್ಟರ್ ಗಂಗಾಂಬಿಕಾ ತೊರಗಲ್. ನಿನ್ನೆ ಬೆಳಿಗ್ಗೆಯಿಂದ ಸಂಜೆವರೆಗೆ ಆಸ್ಪತ್ರೆಯಲ್ಲೇ ಇದ್ದು ಎರಡು ಹೆರಿಗೆ ಮಾಡಿಸಿದ್ದಾರೆ. ಸಾಕೇನಮ್ಮ?"

ಶಾಸಕಿ ಕೂರಲಿಲ್ಲ.

"ಆ ಗಂಗಾಂಬಿಕಾ ನಾನರೀ. ಎಲೆಕ್ಷನ್ನಿಗೆ ನಿಲ್ಲಾಕ ಆ ನೌಕರಿ ಬಿಟ್ಟು ಆರು ತಿಂಗಳಾತು. ನಿನ್ನೆ ಮುಂಜಾನಿಂದ ಸಂಜೀತನಕ ಇಲ್ಲೇ, ನಿಮ್ಮ ಎದುರಿಗೇ ಕುಂತಿದ್ದೆ."