ಉಬ್ಬಿದ ರೊಟ್ಟಿ

ಸತ್ತವರನ್ನು ಮರೆಸುವ ಮಾತ್ರೆಯನ್ನು ಮಾರಲು ಮನಸ್ಸೊಪ್ಪದ ಔಷಧಿ ಅಂಗಡಿಯವರು ಬಾಗಿಲಿಗೆ ಹಳದಿ ಫಲಕ ಹಾಕಬೇಕು. ಕೇಳಿಕೊಂಡು ಬಂದವರಿಗೆ ಅದು ಸಿಗುವ ಅಂಗಡಿಯ ವಿಳಾಸವನ್ನು ತಾವೇ ಬರೆದುಕೊಡಬೇಕು. ಗದಗಿನಲ್ಲಿ ಈಗ ಹಳದಿ ಫಲಕ ಉಳಿದಿರುವುದು ನನ್ನ ಅಂಗಡಿಗೆ ಮಾತ್ರ.

ನಿನ್ನೆ ಮಧ್ಯಾಹ್ನ ನನ್ನ ಅತ್ತೆಯೇ ಬಂದರು. ಡಾಕ್ಟರು ಬರೆದ ಕಾಗದದಲ್ಲಿ, ಮರೆಯಬೇಕಾದವರ ಹೆಸರಿನ ಮುಂದೆ ಪಾರಿ ಎಂದಿತ್ತು. ಪಾರಿ ನನ್ನ ಮಗಳು. ಆರು ವರ್ಷದವಳಿದ್ದಾಗ ಜ್ವರ ಬಂದು ಹೋದಳು. ನನ್ನ ಗಂಡ ಹೋದ ವರ್ಷವೇ ಮಾತ್ರೆ ನುಂಗಿ, ಅವಳ ಫೋಟೋ ನೋಡಿ "ಯಾರ ಕೂಸಿದು?" ಎಂದು ಕೇಳಿದ್ದರು.

"ನಿನ್ನ ಕಡೆ ಸಿಗಂಗಿಲ್ಲ ಅಂತ ಗೊತ್ತೈತೆವ್ವಾ," ಎಂದರು ಅತ್ತೆ. "ಆದ್ರ ನಿನಗ ಹೇಳದ ಹೆಂಗ ನುಂಗ್ಲಿ?"

"ನೀವೂ ಮರತ್ರ ಅಕಿ ಬಗ್ಗೆ ನಾ ಯಾರ ಕೂಡ ಮಾತಾಡ್ಲಿ, ಅತ್ತಿ?"

"ಮೂರು ವರ್ಷಾತು, ನಿದ್ದಿ ಹತ್ತವಲ್ದು ನೀಲಾ."

ನಾನು ಚೀಟಿ ಪುಸ್ತಕದಲ್ಲಿ ಕಾರ್ಬನ್ ಹಾಳೆಯಿಟ್ಟು ಸ್ಟೇಷನ್ ರಸ್ತೆಯ ಅಂಗಡಿಯ ವಿಳಾಸ ಬರೆದು, ಹರಿದುಕೊಟ್ಟೆ. ಅವರು ಹೋಗದೆ ನಿಂತರು.

"ನೀ ಅಂಗಡಿಗೆ ಬಂದ ಮ್ಯಾಲೆ ಅಕಿ ಒಲಿ ಮುಂದ ಕುಂದರ್ತಿದ್ಲು. ರೊಟ್ಟಿ ಉಬ್ಬಿದ ಕೂಡಲೆ ಬಟ್ಟು ಚುಚ್ಚಿ ನಗ್ತಿದ್ಲು. ನೀ ನೋಡಿಲ್ಲ. ಬರ್ಕೋ."

ಪುಸ್ತಕದಲ್ಲಿ ಉಳಿದ ಪ್ರತಿಯ ಮೇಲೆ, ವಿಳಾಸದ ಕೆಳಗೆ ಬರೆದುಕೊಂಡೆ.

ಇವತ್ತು ಬೆಳಿಗ್ಗೆ ಅತ್ತೆ ರೊಟ್ಟಿ ಬೇಯಿಸುತ್ತಿದ್ದರು. ಒಂದು ಉಬ್ಬಿತು. ನಾನು ಬೆರಳಿಂದ ಚುಚ್ಚಿ ಅವರ ಮುಖ ನೋಡಿದೆ.

"ಏನ್ ಹುಡುಗಾಟನ ಇದು," ಎಂದು ನಕ್ಕರು. ಚೆನ್ನಾಗಿ ನಿದ್ದೆ ಮಾಡಿದ ಮುಖವಾಗಿತ್ತು ಅದು.