ಬಣ್ಣ ಒಣಗುವ ತನಕ...

ಶುಭೋದಯದ ಹೂವಿನ ಚಿತ್ರದ ಜೊತೆ ಕಳಿಸುವಂಥ ಕಥೆಯಲ್ಲ ಇದು... ಆದರೂ ಪೂರ್ತಿ ಓದಿ.

ಬಯಲುಸೀಮೆಯ ಒಂದು ಪಟ್ಟಣ. ಅಲ್ಲಿ ದುರ್ಗೇಶನದೊಂದು ವೆಲ್ಡಿಂಗ್ ಶಾಪ್.

ಹಗಲೆಲ್ಲ ಗೇಟು, ಕಿಟಕಿ ಬೆಸೆಯುತ್ತ, ಸಂಜೆ ಕಾಲೇಜಿನಲ್ಲಿ ಡಿಪ್ಲೊಮಾ ಓದಿದವನು. ಏನು ಮಾಡಿದರೂ ಸರಿಯಾಯಿತೋ ಇಲ್ಲವೋ ಎಂದು ಮತ್ತೆ ಮತ್ತೆ ತಿರುಗಿ ನೋಡುವ ಸ್ವಭಾವ.

ಅವನ ಅಕ್ಕ ತಿಪ್ಪಮ್ಮ. ಅಕ್ಕನ ಗಂಡ ಓಬಳೇಶ ಊರಿನ ಮ್ಯಾನ್‌ಹೋಲ್‌ಗಳಿಗೆ ಇಳಿದು ಹೂಳು ತೆಗೆಯುವವನು.

ಮನುಷ್ಯರನ್ನು ಇಳಿಸಬಾರದು ಎಂದು ಕಾನೂನೇನೋ ಇದೆ... ಆದರೆ ಚರಂಡಿ ಕಟ್ಟಿಕೊಂಡಾಗ ಯಾರೂ ಕಾನೂನನ್ನು ಕರೆಯುವುದಿಲ್ಲ. ಓಬಳೇಶನನ್ನೇ ಕರೆಯುತ್ತಾರೆ.

ಅಕ್ಕ ತಮ್ಮನಿಗೆ ಊಟ ಬಡಿಸುವಾಗಲೂ ಅವಳ ಕಣ್ಣು ಬಾಗಿಲ ಕಡೆಗೇ ಇರುತ್ತಿತ್ತು. ಅದನ್ನು ನೋಡಿ ನೋಡಿ ದುರ್ಗೇಶ ಒಂದು ಮೆಷಿನ್ ಮಾಡಿದ.

ಹಳೇ ಬೈಕಿನ ಎಂಜಿನ್, ತಂತಿ ಹಗ್ಗ, ತುದಿಯಲ್ಲಿ ಇಕ್ಕಳದ ಹಾಗೆ ಬಾಯಿ ತೆರೆಯುವ ಬಕೆಟ್. ಅದು ಕೆಳಗಿಳಿದು ಹೂಳನ್ನು ಕಚ್ಚಿಕೊಂಡು ಮೇಲೆ ಬರುತ್ತಿತ್ತು. ಮನುಷ್ಯ ರಸ್ತೆಯ ಮೇಲೆಯೇ ನಿಂತಿರಬಹುದಿತ್ತು.

ಮೊದಲ ದಿನ ಓಬಳೇಶ ನಕ್ಕುಬಿಟ್ಟಿದ್ದ. "ಲೋ ಬಾಮೈದ... ನನ್ನ ಕೆಲಸ ಕಿತ್ಕೊಳ್ಳೋಕೇ ಹುಟ್ಟಿದೀಯೇನೋ?"

ಆಮೇಲೆ ಸುಮಾರು ಒಂದು ವರ್ಷ ಅವನು ಒಳಗೆ ಇಳಿಯಲೇ ಇಲ್ಲ. ಈಗ ನಿಮ್ಮ ಬಾವ ಬಂದರೆ ಸೋಪಿನ ವಾಸನೆ ಬರುತ್ತೆ ಎಂದು ಅಕ್ಕ ಹೇಳಿ, ತಾನೇ ನಾಚಿಕೊಂಡಿದ್ದಳು.

ಯಾರೋ ಆ ಮೆಷಿನ್ನಿನದೊಂದು ವಿಡಿಯೋ ಮಾಡಿ ಹಾಕಿದರು. ಅದು ಎಲ್ಲೆಲ್ಲೋ ಸುತ್ತಿ ವಿದೇಶದ ಒಂದು ಸಂಸ್ಥೆಯವರ ಕಣ್ಣಿಗೆ ಬಿತ್ತು.

ವಿಜ್ಞಾನ, ಪರಿಸರ, ಜನರ ಬದುಕು... ಇವುಗಳಿಗಾಗಿ ಹೊಸದೇನಾದರೂ ಮಾಡಿದವರಿಗೆ ಅವರು ಅಂತಾರಾಷ್ಟ್ರೀಯ ಪ್ರಶಸ್ತಿ ಕೊಡುತ್ತಿದ್ದರು. ದುರ್ಗೇಶನ ಹೆಸರು ಕೊನೆಯ ಸುತ್ತಿಗೆ ಬಂತು.

ಮಂಗಳವಾರ ತೀರ್ಪುಗಾರರು ಊರಿಗೇ ಬರುವವರಿದ್ದರು. ಗೆದ್ದರೆ ಊರೂರಿಗೂ ಇಂಥ ಮೆಷಿನ್ ಮಾಡಿಸಿಕೊಡುತ್ತಾರಂತೆ...

ದುರ್ಗೇಶನಿಗೆ ದಿಗಿಲು ಹತ್ತಿತು. ಮೆಷಿನ್ ತುಂಬ ತುಕ್ಕು, ಗಬ್ಬು ವಾಸನೆ. ಬಂದವರು ಮೂಗು ಮುಚ್ಚಿಕೊಂಡು ಹೊರಟುಬಿಟ್ಟರೆ?

ಶಾಪಿಗೆ ತಂದು ಉಜ್ಜಿ ತೊಳೆದ. ಹಳದಿ ಬಣ್ಣ ಹೊಡೆದ. ಪೂಜೆ ಮಾಡಿ, ನಿಂಬೆಹಣ್ಣು ಕಟ್ಟಿ, ಟಾರ್ಪಾಲ್ ಹೊದಿಸಿದ.

ಭಾನುವಾರ ಬೆಳಿಗ್ಗೆ ಓಬಳೇಶ ಬಂದ. ಕಲ್ಯಾಣ ಮಂಟಪದ ಮುಂದೆ ಮ್ಯಾನ್‌ಹೋಲ್ ಉಕ್ಕುತ್ತಿದೆ, ಒಳಗೆ ಮದುವೆ ನಡೀತಿದೆ, ಕಂಟ್ರಾಕ್ಟರ್ ತಲೆ ತಿನ್ನುತ್ತಿದ್ದಾನೆ, ಒಂದು ಗಂಟೆ ಮೆಷಿನ್ ಕೊಡು ಎಂದ.

"ಬಣ್ಣ ಇನ್ನೂ ಹಸಿ ಐತೆ ಬಾವ... ಪೂಜೇನೂ ಆಗೈತೆ. ಮೂರು ದಿನ ತಡ್ಕೊಳ್ಳೋಕೆ ಹೇಳು. ಬುಧವಾರ ನಾನೇ ತಂದುಕೊಡ್ತೀನಿ."

ಓಬಳೇಶ ಟಾರ್ಪಾಲ್ ಎತ್ತಿ ಇಣುಕಿದ. "ಮದುಮಗಳ ಹಂಗೆ ಮಾಡಿಟ್ಟಿದೀಯಲ್ಲೋ... ಹೋಗ್ಲಿ ಬಿಡು, ಕೊಳಕು ಮಾಡೋದು ಬ್ಯಾಡ. ನಿಂಗೆ ಒಳ್ಳೇದಾಗ್ಲಿ."

ನೀನು ಇಳಿಯೋದಿಲ್ಲ ತಾನೇ ಎಂದು ಕೇಳಬೇಕು ಅನ್ನಿಸಿತು ದುರ್ಗೇಶನಿಗೆ...

ಕೇಳಲಿಲ್ಲ. ಕೇಳಿದ್ದರೆ ಮೆಷಿನ್ ಕೊಡಬೇಕಾಗುತ್ತಿತ್ತು.

ಮದುವೆಯವರು ಮೂರು ದಿನ ಕಾಯುತ್ತಾರೆಯೇ? ಐದು ನಿಮಿಷದ ಕೆಲಸ, ಇಳಿದು ಬಾ ಎಂದ ಕಂಟ್ರಾಕ್ಟರ್.

ಓಬಳೇಶ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ... ಒಳಗೆ ತುಂಬಿದ್ದ ವಿಷಗಾಳಿ ಅವನನ್ನು ವಾಪಸ್ ಬಿಡಲಿಲ್ಲ.

ಎಳೆದು ಹೊರಗೆ ಹಾಕಿದಾಗ ಉಸಿರಿರಲಿಲ್ಲ. ಮಂಟಪದಲ್ಲಿ ವಾಲಗ ಇನ್ನೂ ಊದುತ್ತಲೇ ಇದ್ದರು.

ಸೋಮವಾರ ಮಣ್ಣು ಮಾಡಿದರು. ಅಕ್ಕ ಅಳಲಿಲ್ಲ. ತಮ್ಮನ ಮುಖವನ್ನೂ ನೋಡಲಿಲ್ಲ.

ಮಂಗಳವಾರ ಬೆಳಿಗ್ಗೆ ದುರ್ಗೇಶ ಶಾಪ್ ತೆಗೆದ. ದೊಡ್ಡ ಸುತ್ತಿಗೆ ಹಿಡಿದು ಮೆಷಿನ್ ಮುಂದೆ ನಿಂತ. ಒಡೆದು ಪುಡಿ ಮಾಡುವುದು ಬಿಟ್ಟು ಅವನಿಗೆ ಬೇರೇನೂ ತೋಚಲಿಲ್ಲ.

"ಒಡೀಬ್ಯಾಡ."

ತಿರುಗಿದರೆ ಅಕ್ಕ. ಸಾವಿನ ಮನೆಯಿಂದ ಬರಿಗಾಲಲ್ಲೇ ಬಂದಿದ್ದಳು.

ದುರ್ಗೇಶ ಅವಳ ಕಾಲು ಹಿಡಿದುಕೊಂಡ. ಬಣ್ಣಕ್ಕೋಸ್ಕರ ಬಾವನ್ನ ಕೊಂದುಬಿಟ್ಟೆ ಅಕ್ಕ ಎಂದು ಬಿಕ್ಕಿದ.

ಅವಳು ಇಲ್ಲ ಎನ್ನಲಿಲ್ಲ... ಅವನ ತಲೆಯ ಮೇಲೆ ಕೈಯನ್ನೂ ಇಡಲಿಲ್ಲ.

"ಆ ಗುಂಡಿ ಇನ್ನೂ ಹಂಗೇ ಕಟ್ಕೊಂಡೈತೆ. ಪೊಲೀಸರು ಹೋದ್ಮೇಲೆ ಇವತ್ತು ನಿಮ್ಮ ಬಾವನ ಜೊತೆ ಕೆಲಸ ಮಾಡ್ತಿದ್ದ ಮಾರೆಪ್ಪನ್ನ ಇಳಿಸ್ತಾರಂತೆ. ಅವನ ಹೆಂಡ್ತಿ ಬಸುರಿ... ಏಳು. ಇದನ್ನ ತಗೊಂಡು ಹೋಗು."

ತೀರ್ಪುಗಾರರ ಕಾರು ಬಂದು ನಿಂತಾಗ ಶಾಪಿಗೆ ಬೀಗ ಬಿದ್ದಿತ್ತು. ದುರ್ಗೇಶನ ಜೇಬಿನಲ್ಲಿ ಫೋನ್ ಹೊಡೆದುಕೊಳ್ಳುತ್ತಲೇ ಇತ್ತು...

ಅವನು ಕಲ್ಯಾಣ ಮಂಟಪದ ಮುಂದೆ ನಿಂತು ತಂತಿ ಹಗ್ಗ ಕೆಳಗೆ ಬಿಡುತ್ತಿದ್ದ.

ಬಕೆಟ್ ಕಪ್ಪು ಹೂಳನ್ನು ಕಚ್ಚಿಕೊಂಡು ಮೇಲೆ ಬಂತು. ಬಾಯಿ ತೆರೆದಾಗ ಹೂಳಿನ ಜೊತೆ ಒಂದು ಟವೆಲ್ ಬಿತ್ತು... ಓಬಳೇಶ ತಲೆಗೆ ಸುತ್ತಿಕೊಳ್ಳುತ್ತಿದ್ದ ಟವೆಲ್.

ದುರ್ಗೇಶ ಎಂಜಿನ್ ನಿಲ್ಲಿಸಲಿಲ್ಲ. ಕಣ್ಣು ಮಂಜಾದರೂ ಮತ್ತೆ ಹಗ್ಗ ಬಿಟ್ಟ.

ಇಳಿಯಲು ಅಂಗಿ ಬಿಚ್ಚಿದ್ದ ಮಾರೆಪ್ಪ ಅದನ್ನು ಮತ್ತೆ ಹಾಕಿಕೊಂಡು ಅವನ ಪಕ್ಕ ಬಂದು ನಿಂತ.

ಪ್ರಶಸ್ತಿ ಬೇರೆ ದೇಶದ ಯಾರಿಗೋ ಹೋಯಿತು. ಊರೂರಿಗೆ ಮೆಷಿನ್ ಬರಲಿಲ್ಲ. ಪಕ್ಕದ ತಾಲ್ಲೂಕಿನಲ್ಲಿ ಇವತ್ತಿಗೂ ಮನುಷ್ಯರೇ ಇಳಿಯುತ್ತಾರೆ...

ಅಕ್ಕ ಇವತ್ತಿಗೂ ತಮ್ಮನ ಜೊತೆ ಮಾತಾಡುವುದಿಲ್ಲ.

ಎಲ್ಲೋ ಚರಂಡಿ ಕಟ್ಟಿದೆ ಎಂದು ಫೋನ್ ಬಂದರೆ ಮಾತ್ರ ದುರ್ಗೇಶ ಊಟದ ತಟ್ಟೆ ಬಿಟ್ಟು ಎದ್ದು ಓಡುತ್ತಾನೆ. ತಡವಾದೀತೇನೋ ಎಂಬ ಭಯ ಅವನಿಗೆ ಇನ್ನು ಹೋಗುವುದಿಲ್ಲ.

*

ಕಷ್ಟದಲ್ಲಿರುವವನು ಬಾಗಿಲಿಗೆ ಬಂದಾಗ ಕೈಗೆ ಸಿಗದ ಒಳ್ಳೆಯ ಕೆಲಸ, ಲೋಕದ ಮುಂದೆ ಎಷ್ಟು ಹೊಳೆದರೂ ವ್ಯರ್ಥ.

ನಿಮ್ಮ ಬಾಗಿಲಿಗೆ ಬಂದು ಬರಿಗೈಯಲ್ಲಿ ಹೋದವರು ಈಗ ಎಲ್ಲಿದ್ದಾರೆ... ಒಮ್ಮೆಯಾದರೂ ವಿಚಾರಿಸಿದ್ದೀರಾ?