ಎಣ್ಣೆ ಕಾಣದ ರಾಟೆ

ಹೆರಿಗೆಯ ಕೋಣೆಯಿಂದ ಬರುತ್ತಿದ್ದ ಮಗಳು ಜೈಬುವಿನ ಕೂಗು ತಟ್ಟನೆ ನಿಂತಿತು. ಅಖ್ತರ್ ಬೇಗಂ ಮಾತ್ರ ರಾಟೆ ತಿರುಗಿಸುವುದನ್ನು ನಿಲ್ಲಿಸಲಿಲ್ಲ. ಎಡಗೈ ಬೆರಳುಗಳ ನಡುವೆ ಹರಿಯುತ್ತಿದ್ದ ರೇಷ್ಮೆಯ ಎಳೆಯಲ್ಲೇ ಕಣ್ಣು ನೆಟ್ಟಳು.

"ನಿಮ್ಮ ಅಳು ಕೇಳಿ ಹುಡುಗಿ ಹೆದ್ರುಕೊತವ್ಳೆ. ಆಚೆ ಕೂತ್ಕೊಂಡು ನೂಲು ಸುತ್ತೋಗಿ" ಎಂದು ಸೂಲಗಿತ್ತಿ ಪಿಳ್ಳಮ್ಮ ಬೆಳಿಗ್ಗೆಯೇ ಅವಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿದ್ದಳು. ಆಗಿನಿಂದ ಅವಳಿಗೆ ಒಂದೇ ಕೆಲಸ. ಮನಸ್ಸು ಬಾಗಿಲ ಕಡೆ ಓಡಿದಾಗಲೆಲ್ಲ ಅದನ್ನು ಬೈಯದೆ ಎಳೆಗೆ ಮರಳಿ ತರುವುದು. ಗಂಟು ಬಂತು, ಹೋಯಿತು. ಉಸಿರು ಬಂತು, ಹೋಯಿತು. ಯುದ್ಧ ಶುರುವಾಗಿ ಎಣ್ಣೆ ತುಟ್ಟಿಯಾದಾಗಿನಿಂದ ಎಣ್ಣೆ ಕಾಣದ ರಾಟೆ ಸುತ್ತಿಗೊಮ್ಮೆ ಕಿರ್ ಎನ್ನುತ್ತಿತ್ತು. ರೇಷ್ಮೆಯೂರು ವಿಜಯಪುರದ ಇಡೀ ಓಣಿಗೆ ಕೇಳುವ ಆ ಸದ್ದಿನಿಂದ ಅವಳಿಗೆ ನಾಚಿಕೆ.

ಒಳಗೆ ಇನ್ನೂ ಸದ್ದಿಲ್ಲ. ಮಗುವಿನದೂ ಇಲ್ಲ, ಮಗಳದೂ ಇಲ್ಲ. ಬಾಗಿಲ ಕಡೆ ತಿರುಗಿದಳು; ಎಳೆ ತುಂಡಾಯಿತು. ರಾಟೆ ನಿಲ್ಲಿಸಿ ತುದಿ ಹುಡುಕಿದಳು. ಮಂಜಾದ ಕಣ್ಣಿಗೆ ಅದು ಸಿಗಲಿಲ್ಲ.

ಬಾಗಿಲು ಧಡಾರನೆ ತೆರೆಯಿತು. ಪಿಳ್ಳಮ್ಮನ ಕೈ ಮೊಣಕೈವರೆಗೂ ಒದ್ದೆ.

"ಯಾಕಮ್ಮಾ ನಿಲ್ಲಿಸ್ಬಿಟ್ರಿ?"

"ಎಳೆ ಹೋಯ್ತು ಪಿಳ್ಳಮ್ಮ... ನನ್ನ ಜೈಬು?"

"ಎಳೆ ಹಾಳಾಗೋಗ್ಲಿ! ನಿಮ್ಮ ಮಗ್ಳು ಕೂಗೋದು ಬಿಟ್ಟು, ನಿಮ್ಮ ರಾಟೆ ಕಿರ್ ಅಂದಂಗೆಲ್ಲ ಉಸಿರು ಬಿಡ್ತಿದ್ಲು. ಈಗ ಉಸಿರು ಹಿಡ್ಕೊಂಡು ಕಾಯ್ತಾವ್ಳೆ. ತಿರುಗ್ಸಿ!"

ಅಖ್ತರ್ ಬೇಗಂ ಎಳೆಯಿಲ್ಲದ ರಾಟೆಯನ್ನು ತಿರುಗಿಸಿದಳು.

ಕಿರ್.

ಗೋಡೆಯಾಚೆ ಮಗಳು ಉದ್ದಕ್ಕೆ ಉಸಿರು ಬಿಟ್ಟಳು.